ಕೊಪ್ಪದ ಹತ್ತಿರ ಆಳೆತ್ತರದ ಹಳೇ ಗಡಿಯಾರ ಮಾರಾಟಕ್ಕಿದೆ, ತಗೊಳ್ಳಲಾ?

ತೋಟದಂಚು

ಎಲ್ಲರಿಗೂ ನಮಸ್ಕಾರ. ನಮ್ಮೂರು ತೀರ್ಥಹಳ್ಳಿ ಕಡೆ. ಕೊಪ್ಪದ ಹತ್ತಿರ ಗೊತ್ತಿರುವವರ ಹಳೇ ತೊಟ್ಟಿಮನೆ ಬಿಚ್ಚುತ್ತಿದ್ದಾರೆ. ಮಕ್ಕಳು ಯಾರೂ ಊರಲ್ಲಿಲ್ಲ. ಕಂಬ, ಬಾಗಿಲು, ತೊಲೆ ಎಲ್ಲಾ ಆಗಲೇ ಮಾತಾಗಿ ಹೋಗಿದೆ. ಜಗಲಿಯ ಮೂಲೆಯಲ್ಲಿ ಒಂದು ಗಡಿಯಾರ ಮಾತ್ರ ಉಳಿದಿದೆ. ಗ್ರ್ಯಾಂಡ್‌ಫಾದರ್ ಕ್ಲಾಕ್ ಅಂತಾರಲ್ಲ, ಅದು. ಆರೂವರೆ ಅಡಿ ಇರಬಹುದು. ಒಳಗೆ ಮೂರು ಹಿತ್ತಾಳೆ ಗುಂಡು, ಉದ್ದನೆ ಪೆಂಡುಲಮ್, ಡಯಲ್ ಮೇಲೆ ಕಮಾನಿನಲ್ಲಿ ಚಂದ್ರನ ಚಿತ್ರ. 90 ಸಾವಿರ ಹೇಳುತ್ತಿದ್ದಾರೆ.

ಅಪ್ಪಯ್ಯನಿಗೆ ಈಗ 78. ಚಿಕ್ಕವರಿದ್ದಾಗ ಅದೇ ಮನೆಯಲ್ಲಿ ಉಳಿದುಕೊಂಡು ಶಾಲೆಗೆ ಹೋದವರು. ಮಳೆ ಹೊಡೆಯುವ ರಾತ್ರಿಗಳಲ್ಲಿ ಆ ಗಡಿಯಾರದ ಗಂಟೆ ಎಣಿಸುತ್ತಾ ಮಲಗುತ್ತಿದ್ದೆವು ಅಂತ ಈಗಲೂ ಹೇಳುತ್ತಾರೆ. ಅದು ಯಾರೋ ರೆಸಾರ್ಟಿನವರ ಪಾಲಾಗುವುದು ನನಗೆ ಇಷ್ಟವಿಲ್ಲ. ಆದರೆ ನನಗೆ ಗಡಿಯಾರದ ಬಗ್ಗೆ ಏನೂ ಗೊತ್ತಿಲ್ಲ. ಈಗ ಅದು ನಿಂತಿದೆ. ನೋಡಲು ಹೋದಾಗ ಏನು ಗಮನಿಸಬೇಕು? ನಮ್ಮ ಮಳೆಗಾಲ ತಡೆಯುತ್ತದಾ? ರಿಪೇರಿಗೆ ಯಾರಾದರೂ ಸಿಗುತ್ತಾರಾ? ಅನುಭವ ಇದ್ದವರು ದಯವಿಟ್ಟು ಹೇಳಿ. ಶನಿವಾರದೊಳಗೆ ಉತ್ತರ ಕೊಡಬೇಕು.

ತುಂಗಾತೀರ

90 ಸಾವಿರ ಒಂದು ಗಡಿಯಾರಕ್ಕಾ? ಆ ದುಡ್ಡಿಗೆ ಅಡಿಕೆ ಸುಲಿಯುವ ಯಂತ್ರಕ್ಕೆ ಮುಂಗಡ ಕೊಡಬಹುದು. ಟೈಮ್ ಬೇಕಂದ್ರೆ ಮೊಬೈಲ್ ಇದೆ ಅಲ್ವಾ.

ಶರಾವತಿ

ಅವರು ಟೈಮ್ ನೋಡಲು ತಗೊಳ್ತಿಲ್ಲ, ಅಪ್ಪಯ್ಯನಿಗೋಸ್ಕರ ತಗೊಳ್ತಿದ್ದಾರೆ. ಎರಡೂ ಬೇರೆ.

ಕೀಲಿಕೈ

ಶಿವಮೊಗ್ಗದಲ್ಲಿ ನಮ್ಮ ತಂದೆ, ಅವರ ತಂದೆ ಗಡಿಯಾರ ರಿಪೇರಿ ಮಾಡಿಕೊಂಡು ಬಂದವರು. ಈಗ ನಾನು ಮಾಡುತ್ತಿದ್ದೇನೆ. ನೋಡಲು ಹೋಗುವ ಮುಂಚೆ ಇಷ್ಟು ತಿಳಿದಿರಲಿ.

ಮೊದಲು ಪೆಟ್ಟಿಗೆಯ ಚೆಂದಕ್ಕೆ ಮರುಳಾಗಬೇಡಿ. ಟಾರ್ಚ್ ತಗೊಂಡು ಹೋಗಿ. ಯಂತ್ರ ಕೂತಿರುವ ಹಲಗೆ ನೋಡಿ. ಅದರಲ್ಲಿ ಸುಮ್ನೆ ಇರುವ ಹಳೇ ಸ್ಕ್ರೂ ತೂತುಗಳಿದ್ದರೆ, ಅಥವಾ ಹಲಗೆ ಹೊಸದಾಗಿದ್ದು ಪೆಟ್ಟಿಗೆ ಮಾತ್ರ ಹಳೆಯದಾಗಿದ್ದರೆ, ಒಂದು ಗಡಿಯಾರದ ಯಂತ್ರವನ್ನು ಇನ್ನೊಂದರ ಪೆಟ್ಟಿಗೆಗೆ ಕೂರಿಸಿದ್ದಾರೆ ಅಂತ ಅನುಮಾನ ಪಡಬೇಕು. ಡಯಲ್ಲಿಗೂ ಮುಂದಿನ ಮರದ ಚೌಕಟ್ಟಿಗೂ ನಡುವೆ ಸಂದಿ ಎದ್ದು ಕಂಡರೂ ಅದೇ ಕಥೆ. ಹಾಗಂತ ಗಡಿಯಾರ ಕೆಟ್ಟದ್ದಲ್ಲ. ಓಡುತ್ತದೆ, ಗಂಟೆ ಹೊಡೆಯುತ್ತದೆ. ಆದರೆ ಪೂರ್ತಿ ಅಸಲಿಗೆ ಕೊಡುವ ಬೆಲೆ ಅದಕ್ಕೆ ಕೊಡಬಾರದು.

ಡಯಲ್ ಮೇಲಿನ ಹೆಸರು ನೋಡಿ ಇಂಥ ಕಂಪನಿಯದು ಅಂತ ತೀರ್ಮಾನಿಸಬೇಡಿ. ಎಷ್ಟೋ ಸಲ ಅದು ಮಾರಿದ ಅಂಗಡಿಯ ಹೆಸರು. ಯಂತ್ರದ ಹಿಂದಿನ ತಗಡಿನ ಮೇಲೆ ಒತ್ತಿರುವ ಗುರುತು, ನಂಬರು ಮುಖ್ಯ. ಅದರ ಫೋಟೋ ತೆಗೆದು ಇಲ್ಲಿ ಹಾಕಿ.

ಆಮೇಲೆ ಓಡಿಸಿ ತೋರಿಸಲು ಹೇಳಿ. ಕಡೇಪಕ್ಷ ಒಂದು ಗಂಟೆ ಅಲ್ಲೇ ಕೂತಿರಿ, ಕಾಫಿ ಕುಡಿಯಿರಿ. ಟಿಕ್ ಮತ್ತು ಟಾಕ್ ನಡುವಿನ ಅಂತರ ಒಂದೇ ಸಮ ಇರಬೇಕು. ಟಿಕ್‌ಟಾಕ್... ಟಿಕ್‌ಟಾಕ್... ಅಂತ ಕುಂಟುತ್ತಿದ್ದರೆ ಸಮತಟ್ಟಾಗಿ ನಿಂತಿಲ್ಲ ಅಂತ ಅರ್ಥ. ಅದು ದೊಡ್ಡ ದೋಷವಲ್ಲ. ಯಂತ್ರದ ತಗಡಿನಲ್ಲಿ ಚಕ್ರಗಳ ಅಚ್ಚು ಕೂರುವ ತೂತುಗಳು ಸವೆದು ಉದ್ದುದ್ದ ಆಗಿದ್ದರೆ ಮಾತ್ರ ಖರ್ಚು.

ಕೊನೆಯದಾಗಿ, ದಯವಿಟ್ಟು ಗಂಟೆ ಮುಳ್ಳನ್ನು ಹಿಂದಕ್ಕೆ ತಿರುಗಿಸಿ ಪರೀಕ್ಷೆ ಮಾಡಬೇಡಿ. ಯಾವಾಗಲೂ ನಿಮಿಷದ ಮುಳ್ಳು ಹಿಡಿದು ಮುಂದಕ್ಕೆ, ಪ್ರತಿ ಕಾಲು ಗಂಟೆಗೆ ನಿಲ್ಲಿಸಿ, ಬಾರಿಸಲು ಬಿಟ್ಟು ಮುಂದೆ ಹೋಗಬೇಕು.

ತೋಟದಂಚು

ಕೀಲಿಕೈ ಸರ್, ತುಂಬಾ ಉಪಕಾರ ಆಯ್ತು. ಇದನ್ನೇ ಬರೆದಿಟ್ಟುಕೊಂಡು ಹೋಗುತ್ತೇನೆ.

ಬೀಟೆಮರ

ಪೆಟ್ಟಿಗೆ ಯಾವ ಮರ? ಅದು ಮುಖ್ಯ. ಹಲಗೆ ಸಾಗುವಾನಿ ಅಥವಾ ಬೀಟೆ ಆಗಿದ್ದರೆ ಮಲೆನಾಡಿಗೆ ಚಿಂತೆ ಇಲ್ಲ. ವಿದೇಶದಿಂದ ಬಂದ ಪೆಟ್ಟಿಗೆಗಳಲ್ಲಿ ಓಕ್, ಮಹಾಗನಿ, ವಾಲ್‌ನಟ್ ಇರುತ್ತವೆ. ಕೆಲವದರಲ್ಲಿ ಮೇಲೆ ಮಾತ್ರ ಒಳ್ಳೆ ಮರದ ತೆಳು ಪದರ, ಒಳಗೆ ಪೈನ್. ಆ ಪದರವನ್ನು ಅಂಟಿಸಿದ್ದು ಹಳೇಕಾಲದ ಪ್ರಾಣಿಜನ್ಯ ಅಂಟಿನಿಂದ. ನಮ್ಮ ಜುಲೈ ತಿಂಗಳ ತೇವಕ್ಕೆ ಅದು ಸಡಿಲವಾಗಿ ಪದರ ಎದ್ದು ಬರುತ್ತದೆ. ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಬಿಟ್ಟಿದೆ ಅಂತ.

ತಳ ಎತ್ತಿ ನೋಡಿ. ಗೆದ್ದಲು ಹೆಚ್ಚಾಗಿ ಕೆಳಗಿಂದಲೇ ಬರುವುದು. ಸಣ್ಣ ತೂತು, ಕೆಳಗೆ ರವೆಯಂಥ ಪುಡಿ ಇದ್ದರೆ ಕುಟ್ಟೆ ಹುಳ ಇನ್ನೂ ಜೀವಂತ ಇದೆ.

ಘಾಟಿಮಳೆ

ಆಗುಂಬೆಯಿಂದ ಬರೆಯುತ್ತಿದ್ದೇನೆ. ಇಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ. ನಮ್ಮ ಮನೆಯಲ್ಲಿ ಆಳೆತ್ತರದ್ದಲ್ಲ, ಅಜ್ಜಯ್ಯನ ಕಾಲದ ಗೋಡೆ ಗಡಿಯಾರ ಇದೆ, ಆನ್ಸೋನಿಯಾ. ಜೂನ್ ಬಂತೆಂದರೆ ಬಾಗಿಲ ಗಾಜಿನ ಒಳಗೆ ಬೂಷ್ಟು. ಆದರೂ ಓಡುತ್ತಿದೆ. ನಾವು ಮಾಡುವುದಿಷ್ಟೇ, ಬಚ್ಚಲ ಒಲೆಯ ಗೋಡೆಯ ಇನ್ನೊಂದು ಬದಿಗೆ ನೇತುಹಾಕಿದ್ದೇವೆ. ಆ ಗೋಡೆ ವರ್ಷವಿಡೀ ಬೆಚ್ಚಗಿರುತ್ತದೆ. ಹೊರಗೋಡೆಗೆ ಮಾತ್ರ ಇಡಬೇಡಿ ಮಾರಾಯ್ರೇ, ಇರಿಚಲು ಹೊಡೆದು ಗೋಡೆ ಪೂರ್ತಿ ನೀರು ಕುಡಿದಿರುತ್ತದೆ.

ಇನ್ನೊಂದು, ಕುಂಬಾರ ಹುಳ. ಕೀಲಿ ತೂತಿನಿಂದ ಒಳಗೆ ಹೋಗಿ ಮಣ್ಣಿನ ಗೂಡು ಕಟ್ಟುತ್ತದೆ. ಒಂದು ವರ್ಷ ಗಂಟೆ ಹೊಡೆಯುವ ಸುತ್ತಿಗೆಗೇ ಕಟ್ಟಿತ್ತು. ಸದ್ದು ನಿಂತಾಗ ನಾವು ಯಂತ್ರ ಹೋಯಿತು ಅಂದುಕೊಂಡು ಎಷ್ಟು ಬೇಜಾರು ಮಾಡಿಕೊಂಡಿದ್ದೆವು!

ಹೊಳೆಸಾಲು

ಆನ್ಸೋನಿಯಾ ಜಪಾನಿನದಲ್ವಾ?

ಮೇಷ್ಟ್ರು

ಅಲ್ಲ, ಅಮೆರಿಕದ್ದು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕಾರ್ಖಾನೆ ಇತ್ತು. 1929ರಲ್ಲಿ ಅದರ ಯಂತ್ರಗಳನ್ನೆಲ್ಲ ಸೋವಿಯತ್ ರಷ್ಯಾಕ್ಕೆ ಮಾರಿದರು. ಹಾಗಾಗಿ ಅಸಲಿ ಆನ್ಸೋನಿಯಾ ಆಗಿದ್ದರೆ ಘಾಟಿಮಳೆಯವರ ಗಡಿಯಾರಕ್ಕೆ ಹೆಚ್ಚುಕಡಿಮೆ ನೂರು ವರ್ಷ ಆಗಿರಲೇಬೇಕು.

ಘಾಟಿಮಳೆ

ಇದು ನಮಗೂ ಗೊತ್ತಿರಲಿಲ್ಲ ಮೇಷ್ಟ್ರೇ. ಅಮ್ಮನಿಗೆ ಓದಿ ಹೇಳಿದೆ, ತುಂಬಾ ಖುಷಿ ಪಟ್ಟರು.

ತುಂಗಾತೀರ

ಎಲ್ಲಾ ಸರಿ. ಆದರೆ ಈಗ ಕ್ವಾರ್ಟ್ಜ್ ಯಂತ್ರ ಇರುವ ಆಳೆತ್ತರದ ಗಡಿಯಾರಗಳೇ ಸಿಗುತ್ತವೆ. ನೋಡಲು ಹಾಗೇ ಇರುತ್ತವೆ. ಒಂದು ಸೆಲ್ ಹಾಕಿದರೆ ವರ್ಷ ಓಡುತ್ತದೆ. ವಾರವಾರ ಕೀ ಕೊಡುವ ತಲೆನೋವಿಲ್ಲ, ರಿಪೇರಿಯವರ ಹಿಂದೆ ಅಲೆಯುವುದಿಲ್ಲ. ಅದು ಯಾಕೆ ಬೇಡ ಅಂತ ಯಾರಾದರೂ ಸರಿಯಾಗಿ ಹೇಳಿ ನೋಡೋಣ.

ಶರಾವತಿ

ನಾನು ಹೇಳುತ್ತೇನೆ. ಹೊಸನಗರದಲ್ಲಿ ನಮ್ಮ ಮನೆಯಲ್ಲಿ ಎರಡೂ ಇತ್ತು. ಕ್ವಾರ್ಟ್ಜ್ ಗಡಿಯಾರದ ಪೆಂಡುಲಮ್ ಬರೀ ತೋರಿಕೆಗೆ. ಅದನ್ನು ತೆಗೆದು ಪಕ್ಕಕ್ಕಿಟ್ಟರೂ ಮುಳ್ಳು ಓಡುತ್ತದೆ. ಗಂಟೆ ಸದ್ದು ಸ್ಪೀಕರಿನಿಂದ ಬರುತ್ತದೆ. ಒಂದು ತಿಂಗಳಿಗೆ ಮನೆಯವರ ಕಿವಿಗೇ ಅದು ಬೀಳುವುದು ನಿಂತಿತು.

ಅಸಲಿ ಗಡಿಯಾರ ಹಾಗಲ್ಲ. ಭಾನುವಾರ ಬೆಳಿಗ್ಗೆ ದೋಸೆ ತಿಂದಾದ ಮೇಲೆ ಮಾವ ಬಾಗಿಲು ತೆಗೆದು ಮೂರೂ ಗುಂಡು ಮೇಲೆತ್ತುವುದು ನಮ್ಮ ಮನೆಯ ಪದ್ಧತಿ. ನಾನು ಮದುವೆಯಾಗಿ ಬಂದಾಗಿನಿಂದ ನೋಡಿದ್ದೇನೆ. ಒಮ್ಮೆ ಎತ್ತಿದ ಗುಂಡು ನಿಧಾನಕ್ಕೆ ಇಳಿಯುತ್ತಾ ಎಂಟು ದಿನ ಓಡಿಸುವ ಗಡಿಯಾರ ಅದು, ಒಂದು ದಿನ ಮರೆತರೂ ಪರವಾಗಿಲ್ಲ ಅಂತಲೇ ಹಾಗೆ ಮಾಡಿರುವುದು. ಕಳೆದ ವರ್ಷ ಮಾವ ತೀರಿಕೊಂಡರು. ಹದಿಮೂರನೇ ದಿನ ಮುಗಿಯುವವರೆಗೂ ಯಾರಿಗೂ ಗಡಿಯಾರದ ನೆನಪಿಲ್ಲ. ಅದು ಯಾವಾಗಲೋ ನಿಂತಿತ್ತು. ಮನೆಯಲ್ಲಿ ಅಷ್ಟು ಜನ ಇದ್ದರೂ ಏನೋ ಖಾಲಿ ಅನಿಸುತ್ತಿತ್ತು. ಆಮೇಲೆ ನನ್ನ ಮಗಳು, ಎಂಟನೇ ಕ್ಲಾಸು, ತಾನೇ ಬಾಗಿಲು ತೆಗೆದು ಗುಂಡು ಎತ್ತಿ ಪೆಂಡುಲಮ್ ತಟ್ಟಿದಳು. ಅಜ್ಜ ಮಾಡುವುದನ್ನು ನೋಡಿ ಕಲಿತಿದ್ದಳು. ಈಗ ಭಾನುವಾರ ಅವಳದೇ ಕೆಲಸ.

ಸೆಲ್ ಹಾಕುವ ಗಡಿಯಾರದಲ್ಲಿ ಇದು ಇಲ್ಲ ತುಂಗಾತೀರ ಅವರೇ. ನೀವು ತಲೆನೋವು ಅಂತೀರಲ್ಲ, ನಮಗೆ ಅದೇ ಬೇಕಾಗಿರುವುದು.

ತುಂಗಾತೀರ

ಅಕ್ಕ, ನಿಮ್ಮ ಮಾತು ಒಪ್ಪಿದೆ. ಮಗಳಿಗೆ ನನ್ನ ಆಶೀರ್ವಾದ ಹೇಳಿ.

ಕೆಂಪುಗಾರೆ

ರಾತ್ರಿ ಗಂಟೆ ಹೊಡೆದರೆ ನಿದ್ದೆ ಕೆಡುವುದಿಲ್ವಾ? ಮನೆಯಲ್ಲಿ ಕೂಸಿದೆ, ನಮಗೂ ಒಂದು ಇಡುವ ಆಸೆ.

ಕೀಲಿಕೈ

ಹೆಚ್ಚಿನ ಹೊಸ ಯಂತ್ರಗಳಲ್ಲಿ ಡಯಲ್ ಪಕ್ಕ ಒಂದು ಸಣ್ಣ ಕಡ್ಡಿ ಇರುತ್ತದೆ. ಅದನ್ನು ಸರಿಸಿದರೆ ಬಾರಿಸುವುದು ನಿಲ್ಲುತ್ತದೆ, ಓಡುವುದು ನಿಲ್ಲುವುದಿಲ್ಲ. ಕೆಲವದರಲ್ಲಿ ರಾತ್ರಿ ಮಾತ್ರ ತಾನಾಗೇ ಸುಮ್ಮನಾಗುವ ವ್ಯವಸ್ಥೆಯೂ ಇದೆ. ಎರಡು ವಾರ ಕಳೆದರೆ ಮನೆಯವರಿಗೆ ಅಭ್ಯಾಸ ಆಗುತ್ತದೆ. ಬಂದ ನೆಂಟರಿಗೆ ಮಾತ್ರ ಎಚ್ಚರ ಆಗುವುದು.

ಹೊಳೆಸಾಲು

ಕಾಲು ಗಂಟೆಗೊಮ್ಮೆ ಬರುವ ಆ ರಾಗ ಲಂಡನ್ನಿನ ಬಿಗ್ ಬೆನ್‌ನದು ಅಲ್ವಾ? ಸಿನಿಮಾದಲ್ಲಿ ಕೇಳಿದ್ದೇನೆ.

ಮೇಷ್ಟ್ರು

ಹೆಸರು ವೆಸ್ಟ್‌ಮಿನ್‌ಸ್ಟರ್ ರಾಗ, ಆದರೆ ಹುಟ್ಟಿದ್ದು ಕೇಂಬ್ರಿಜ್‌ನ ಒಂದು ಚರ್ಚಿನಲ್ಲಿ, 1793ರಲ್ಲಿ. ಲಂಡನ್ನಿನ ಗಡಿಯಾರ ಗೋಪುರಕ್ಕೆ ಬಂದಿದ್ದು 1859ರಲ್ಲಿ. ಬಿಗ್ ಬೆನ್ ಅನ್ನುವುದು ಅಲ್ಲಿ ಗಂಟೆ ಹೊಡೆಯುವ ದೊಡ್ಡ ಗಂಟೆಯ ಹೆಸರು.

ಕಾಫಿಕಣ

ಹೀಗೆ ಪೆಂಡುಲಮ್ ಗಡಿಯಾರ ಮಾಡಿದ್ದು ಇಂಗ್ಲಿಷರ ತಲೆ ನೋಡಿ. ಬೇರೆ ಏನೇ ಇರಲಿ, ಅದಕ್ಕೆ ಮೆಚ್ಚಬೇಕು.

ಮೇಷ್ಟ್ರು

ಮೊದಲು ಮಾಡಿಸಿದ್ದು ಡಚ್ಚರ ಕ್ರಿಸ್ಟಿಯಾನ್ ಹೈಗನ್ಸ್, 1656ರಲ್ಲಿ. ಇಂಗ್ಲಿಷರ ಪಾಲೂ ದೊಡ್ಡದೇ. ಮೊದಮೊದಲು ಪೆಂಡುಲಮ್ ಗಿಡ್ಡ ಇರುತ್ತಿತ್ತು, ಅಗಲಕ್ಕೆ ಜೋರಾಗಿ ಬೀಸುತ್ತಿತ್ತು. 1670ರ ಸುಮಾರಿಗೆ ಲಂಡನ್ನಿನಲ್ಲಿ ಹಲ್ಲಿನ ಚಕ್ರವನ್ನು ಒಂದೊಂದೇ ಹಲ್ಲಾಗಿ ತಡೆದು ಬಿಡುವ, ಲಂಗರಿನ ಆಕಾರದ ಒಂದು ತಡೆ ಬಂತು. ಅದರಿಂದ ಉದ್ದನೆ ಪೆಂಡುಲಮ್ ಸಣ್ಣಗೆ ತೂಗಾಡಿದರೂ ಸಾಕಾಯಿತು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಾಗಿ ಒಂದು ಸೆಕೆಂಡಿನಲ್ಲಿ ಹೋಗಬೇಕಾದರೆ ಪೆಂಡುಲಮ್ ಹತ್ತಿರ ಒಂದು ಮೀಟರ್ ಉದ್ದ ಬೇಕು, 99 ಸೆಂಟಿಮೀಟರ್ ಚಿಲ್ಲರೆ. ಅದೂ, ಗುಂಡು ಎಂಟು ದಿನ ಇಳಿಯಲು ಬೇಕಾದ ಜಾಗವೂ ಸೇರಿ ಪೆಟ್ಟಿಗೆ ಆಳೆತ್ತರ ಆಗಿದ್ದು. ಚೆಂದಕ್ಕೆ ಎತ್ತರ ಮಾಡಿದ್ದಲ್ಲ.

ಅಜ್ಜನ ಹೆಸರು ಇದಕ್ಕೆ ಅಂಟಿಕೊಂಡಿದ್ದು ತುಂಬಾ ತಡವಾಗಿ. 1876ರಲ್ಲಿ ಅಮೆರಿಕದಲ್ಲಿ ಬಂದ ಒಂದು ಹಾಡಿನಿಂದ.

ಶರಾವತಿ

ಮೇಷ್ಟ್ರೇ, ಒಂದು ಪ್ರಶ್ನೆ. ನಮ್ಮ ಭಾವ ಜರ್ಮನಿಯಲ್ಲಿದ್ದವರು ವಾಪಸ್ ಬರುವಾಗ ಒಂದು ಆಳೆತ್ತರದ ಗಡಿಯಾರ ತಂದರು. ಅಲ್ಲಿ ಸರಿಯಾಗಿ ಓಡುತ್ತಿತ್ತಂತೆ. ಸಾಗರದ ಮನೆಯಲ್ಲಿ ಇಟ್ಟ ದಿನದಿಂದ ದಿನಕ್ಕೆ ಎರಡು ನಿಮಿಷ ಹಿಂದೆ. ಹಡಗಿನಲ್ಲಿ ಬರುವಾಗ ಕೆಟ್ಟಿತಾ?

ಮೇಷ್ಟ್ರು

ಕೆಟ್ಟಿಲ್ಲ ತಾಯಿ! ಇಂಥ ಪ್ರಶ್ನೆ ಕೇಳಿದರೆ ನನಗೆ ಮತ್ತೆ ಕ್ಲಾಸಿಗೆ ಹೋದ ಹಾಗಾಗುತ್ತದೆ.

ಭೂಮಿ ಪೂರ್ತಿ ಗುಂಡಗಿಲ್ಲ, ನಡುವೆ ಸ್ವಲ್ಪ ಉಬ್ಬಿದೆ, ಜೊತೆಗೆ ತಿರುಗುತ್ತಲೂ ಇದೆ. ಹಾಗಾಗಿ ಸಮಭಾಜಕದ ಹತ್ತಿರ ಭೂಮಿಯ ಸೆಳೆತ ಒಂದಿಷ್ಟು ಕಡಿಮೆ. ಸೆಳೆತ ಕಡಿಮೆ ಆದರೆ ಪೆಂಡುಲಮ್ ನಿಧಾನ. ಜರ್ಮನಿಗೂ ನಮ್ಮೂರಿಗೂ ಇರುವ ವ್ಯತ್ಯಾಸ ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು ಎರಡು ನಿಮಿಷವೇ ಬರುತ್ತದೆ. 1672ರಲ್ಲಿ ಜಾನ್ ರಿಶೆ ಅನ್ನುವ ಫ್ರೆಂಚ್ ವಿಜ್ಞಾನಿ ಪ್ಯಾರಿಸ್ಸಿನಿಂದ ದಕ್ಷಿಣ ಅಮೆರಿಕದ ಕಯೆನ್ ಎಂಬ ಊರಿಗೆ ಹೋದಾಗ ಅವನ ಗಡಿಯಾರವೂ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬಿತ್ತು. ಭೂಮಿಯ ಆಕಾರದ ಬಗ್ಗೆ ನ್ಯೂಟನ್ ಮಾಡಿದ ವಾದಕ್ಕೆ ಅದೇ ಒಂದು ಸಾಕ್ಷಿ ಆಯಿತು. ನಿಮ್ಮ ಭಾವನ ಗಡಿಯಾರ ಸಾಗರದಲ್ಲಿ ಕೂತು ಅದೇ ಪ್ರಯೋಗ ಮಾಡಿದೆ.

ಪೆಂಡುಲಮ್ ಬಿಲ್ಲೆಯ ಕೆಳಗೆ ಒಂದು ತಿರುಪು ಇರುತ್ತದೆ. ಅದನ್ನು ತಿರುಗಿಸಿ ಬಿಲ್ಲೆ ಸ್ವಲ್ಪ ಮೇಲೆತ್ತಬೇಕು. ಮೇಲೆತ್ತಿದರೆ ಬೇಗ, ಇಳಿಸಿದರೆ ನಿಧಾನ. ಒಂದು ಮೀಟರಿನ ಪೆಂಡುಲಮ್ ಆದರೆ 1 ಮಿಲಿಮೀಟರಿಗೆ ದಿನಕ್ಕೆ ಸುಮಾರು 43 ಸೆಕೆಂಡು. ಎರಡು ನಿಮಿಷಕ್ಕೆ 3 ಮಿಲಿಮೀಟರ್ ಹತ್ತಿರ.

ಶರಾವತಿ

ಭಾವನಿಗೆ ಈಗಲೇ ಫೋನ್ ಮಾಡುತ್ತೇನೆ. ಪಾಪ, ಯಂತ್ರ ಹೋಯಿತು ಅಂತ ಬೇಜಾರಾಗಿ ನಿಲ್ಲಿಸಿಬಿಟ್ಟಿದ್ದಾರೆ.

ಕಾಫಿಕಣ

ಬೇಸಿಗೆ, ಚಳಿಗಾಲಕ್ಕೂ ಹೀಗೆ ವ್ಯತ್ಯಾಸ ಆಗುತ್ತಾ?

ಮೇಷ್ಟ್ರು

ಆಗುತ್ತದೆ. ಪೆಂಡುಲಮ್ಮಿನದು ಉಕ್ಕಿನ ಕಡ್ಡಿಯಾದರೆ ಒಂದು ಡಿಗ್ರಿ ಸೆಕೆ ಜಾಸ್ತಿಯಾದರೆ ದಿನಕ್ಕೆ ಅರ್ಧ ಸೆಕೆಂಡು ಹಿಂದೆ. ಹತ್ತು ಡಿಗ್ರಿಗೆ ಐದು ಸೆಕೆಂಡು. ಮನೆಗೆ ಇದು ಲೆಕ್ಕಕ್ಕಿಲ್ಲ. ಮರದ ಕಡ್ಡಿಯಾದರೆ ಸೆಕೆಗೆ ಅಷ್ಟಾಗಿ ಹಿಗ್ಗುವುದಿಲ್ಲ, ಆದರೆ ತೇವಕ್ಕೆ ಬದಲಾಗುತ್ತದೆ.

ಬಸ್‌ಸ್ಟ್ಯಾಂಡ್

ನಮ್ಮ ದೊಡ್ಡಪ್ಪ ಗಡಿಯಾರಕ್ಕೆ ವರ್ಷಕ್ಕೊಮ್ಮೆ ಹೊಲಿಗೆ ಯಂತ್ರದ ಎಣ್ಣೆ ಬಿಡುತ್ತಿದ್ದರು. ಇಲ್ಲದಿದ್ದರೆ ಕೊಬ್ಬರಿ ಎಣ್ಣೆ. ನಲವತ್ತು ವರ್ಷ ಓಡಿದೆ.

ಕೀಲಿಕೈ

ಕೊಬ್ಬರಿ ಎಣ್ಣೆ ದಯವಿಟ್ಟು ಬೇಡ. ನಮ್ಮ ಚಳಿಗಾಲದಲ್ಲಿ ಅದು ಹೆಪ್ಪುಗಟ್ಟುತ್ತದೆ. ದಿನ ಕಳೆದಂತೆ ಅಂಟಾಗಿ ಧೂಳು ಹಿಡಿದು ಉಜ್ಜುವ ಕಾಗದದ ಹಾಗೆ ಅಚ್ಚನ್ನು ತಿನ್ನುತ್ತದೆ. ನನ್ನ ಹತ್ತಿರ ಬರುವ ಗಡಿಯಾರಗಳಲ್ಲಿ ಇದೇ ಕಾಯಿಲೆ ಜಾಸ್ತಿ. ಹೊಲಿಗೆ ಯಂತ್ರದ ಎಣ್ಣೆ ತುಂಬಾ ತೆಳು, ನಿಲ್ಲುವುದಿಲ್ಲ, ಹರಿದು ಹೋಗುತ್ತದೆ.

ಬಸ್‌ಸ್ಟ್ಯಾಂಡ್

ನಲವತ್ತು ವರ್ಷ ಓಡಿದ್ದು ಸುಳ್ಳಾ ಹಾಗಾದರೆ?

ಕೀಲಿಕೈ

ಸುಳ್ಳು ಅಂತ ಹೇಳುತ್ತಿಲ್ಲ ಅಣ್ಣ. ಓಡಿದೆ, ಆದರೆ ಒಳಗೆ ಸವೆದುಕೊಂಡೇ ಓಡಿದೆ. ಈ ಯಂತ್ರಗಳಿಗೆ ಅಷ್ಟು ತಾಳ್ಮೆ ಇದೆ. ಗಡಿಯಾರದ್ದೇ ಎಣ್ಣೆ ಸಿಗುತ್ತದೆ. ಅಚ್ಚು ಕೂರುವ ತೂತಿಗೆ ಸೂಜಿ ತುದಿಯಷ್ಟು ಸಾಕು. ಹಲ್ಲಿನ ಚಕ್ರಗಳಿಗೆ ಹಾಕಲೇಬಾರದು. ನಿಮ್ಮ ದೊಡ್ಡಪ್ಪನವರ ಗಡಿಯಾರ ಈಗಲೂ ಇದ್ದರೆ ತನ್ನಿ, ಬಿಚ್ಚಿ ತೊಳೆದು ಕೊಡುತ್ತೇನೆ.

ಬಸ್‌ಸ್ಟ್ಯಾಂಡ್

ಅಟ್ಟದ ಮೇಲಿದೆ. ದೀಪಾವಳಿ ಆದಮೇಲೆ ತರುತ್ತೇನೆ.

ಬೀಟೆಮರ

ವಿಷಯ ಬೇರೆ, ಆದರೂ ಹೇಳಬೇಕು. ಹಳೇ ಮನೆ ಬಿಚ್ಚುವಾಗ ಕಂಬಕ್ಕೆ ಒಂದು ರೇಟು, ಬಾಗಿಲಿಗೆ ಒಂದು ರೇಟು ಅಂತ ಬಿಡಿಬಿಡಿಯಾಗಿ ಹೋಗುತ್ತದಲ್ಲ, ನನಗೆ ಹೊಟ್ಟೆಯುರಿಯುತ್ತದೆ. ಕೆತ್ತನೆ ಇರುವ ಮುಂಡಿಗೆ ಒಂದು ಕಡೆ, ಅದರ ಜೋಡಿ ಇನ್ನೊಂದು ಕಡೆ. ಗಡಿಯಾರ ಆದರೂ ಆ ಮನೆಯಲ್ಲಿ ಬೆಳೆದವರ ಮನೆಗೇ ಹೋಗಲಿ. ತಗೊಳ್ಳಿ ತೋಟದಂಚು.

ಕೆಂಪುಗಾರೆ

ನಿಜ. ನಮ್ಮ ಅಜ್ಜಿಮನೆಯದೂ ಹಾಗೇ ಹೋಯಿತು. ನಾಗಂದಿಗೆಯ ಒಂದು ಹಲಗೆ ನಾನು ಕೇಳಿ ತಂದಿಟ್ಟುಕೊಂಡಿದ್ದೇನೆ.

ತೋಟದಂಚು

ಶನಿವಾರ ಹೋಗಿ ಬಂದೆ. ಎಲ್ಲರೂ ಹೇಳಿದ್ದನ್ನೆಲ್ಲ ನೋಡಿದೆ. ಹಿಂದಿನ ತಗಡಿನ ಮೇಲೆ ಗುಸ್ತಾವ್ ಬೆಕರ್ ಅಂತ ಗುರುತಿದೆ. ಪೆಟ್ಟಿಗೆ ಸಾಗುವಾನಿ, ಆದರೆ ಇಲ್ಲೇ ಮಾಡಿಸಿದ ಹಾಗಿದೆ, ಬಾಗಿಲಲ್ಲಿ ನಮ್ಮ ಕಡೆಯ ಬಳ್ಳಿ ಕೆತ್ತನೆ ಇದೆ. ತಳದ ಒಂದು ಮೂಲೆ ಗೆದ್ದಲು ತಿಂದಿದೆ. ಎರಡು ಗುಂಡಿನ ತಂತಿ ತುಕ್ಕು ಹಿಡಿದಿದೆ. ಪೆಂಡುಲಮ್ ತಟ್ಟಿದಾಗ ಓಡಿತು! ಇಪ್ಪತ್ತು ನಿಮಿಷ ಓಡಿ ನಿಂತಿತು.

ಕೀಲಿಕೈ

ಗುಸ್ತಾವ್ ಬೆಕರ್ ಒಳ್ಳೆಯ ಜರ್ಮನ್ ಯಂತ್ರ. ಆ ಕಂಪನಿ 1930ರ ಹೊತ್ತಿಗೆ ಯುಂಗ್‌ಹಾನ್ಸ್ ಅನ್ನುವ ಇನ್ನೊಂದು ಜರ್ಮನ್ ಗಡಿಯಾರ ಕಂಪನಿಯ ಜೊತೆ ಸೇರಿಹೋಯಿತು. ನಂಬರಿನ ಫೋಟೋ ಕಳಿಸಿ. ಜರ್ಮನ್ ಯಂತ್ರ ತರಿಸಿ ಪೆಟ್ಟಿಗೆ ಇಲ್ಲಿ ಮಾಡಿಸುವುದು ಮೋಸವಲ್ಲ, ಹಾಗೆ ಮಾಡಿಸುತ್ತಿದ್ದರು. ಆದರೆ ತಂತಿ ಬದಲಿಸದೆ ಗುಂಡು ನೇತುಹಾಕಬೇಡಿ. ತುಂಡಾದರೆ ಮೂರ್ನಾಲ್ಕು ಕಿಲೋ ಹಿತ್ತಾಳೆ ನೇರ ತಳಕ್ಕೆ ಬೀಳುತ್ತದೆ. ಗೆದ್ದಲು ತಿಂದ ಹಲಗೆ ತಡೆಯುವುದಿಲ್ಲ. ಇದನ್ನೆಲ್ಲ ಹೇಳಿ ಬೆಲೆ ಇಳಿಸಿ.

ತರುವಾಗ ಮೊದಲು ಪೆಂಡುಲಮ್ ತೆಗೆಯಿರಿ. ಅದು ನೇತಾಡುವ ಉಕ್ಕಿನ ಪಟ್ಟಿ ಕಾಗದದಷ್ಟು ತೆಳು, ಮಡಚಿದರೆ ಹೋಯಿತು. ಆಮೇಲೆ ಗುಂಡು. ಮೂರೂ ಒಂದೇ ಥರ ಕಂಡರೂ ತೂಕ ಬೇರೆ ಇರಬಹುದು. ಎಡ, ನಡು, ಬಲ ಅಂತ ಚೀಟಿ ಅಂಟಿಸಿ. ಸಾಮಾನ್ಯವಾಗಿ ಕಾಲು ಗಂಟೆಯ ರಾಗ ಬಾರಿಸುವ ಬಲಗಡೆಯದು ಭಾರ. ಬರಿಗೈಯಲ್ಲಿ ಹಿತ್ತಾಳೆ ಮುಟ್ಟಬೇಡಿ, ಬೆವರಿನ ಗುರುತು ಉಳಿಯುತ್ತದೆ. ಬಟ್ಟೆ ಹಿಡಿದು ಮುಟ್ಟಿ.

ತೋಟದಂಚು

65 ಸಾವಿರಕ್ಕೆ ಮುಗಿಯಿತು. ಪಿಕಪ್ಪಿನಲ್ಲಿ ಅಡಿಕೆ ಚೀಲ, ಹಾಸಿಗೆ ಸುತ್ತಿ ತಂದೆವು. ಕೀಲಿಕೈ ಸರ್ ಹತ್ತಿರ ಯಂತ್ರ ಕೊಟ್ಟಿದ್ದೇನೆ.

ಹೊಳೆಸಾಲು

ಅಭಿನಂದನೆ! ಚಂದ್ರನ ಚಿತ್ರ ಓಡುತ್ತದಾ? ಹುಣ್ಣಿಮೆ, ಅಮಾವಾಸ್ಯೆ ತೋರಿಸುತ್ತಾ?

ಮೇಷ್ಟ್ರು

ಅದರ ಹಿಂದೆ ಒಂದು ತಟ್ಟೆ ಇರುತ್ತದೆ. ಸಾಮಾನ್ಯವಾಗಿ ಎರಡು ಚಂದ್ರ, ಅಂಚಿಗೆ 118 ಹಲ್ಲು. ದಿನಕ್ಕೆ ಎರಡು ಹಲ್ಲು ಸರಿದು 59 ದಿನಕ್ಕೆ ಒಂದು ಸುತ್ತು. ಅಂದರೆ ಒಂದು ಚಾಂದ್ರಮಾಸಕ್ಕೆ ಇಪ್ಪತ್ತೊಂಬತ್ತೂವರೆ ದಿನ. ನಿಜವಾದ ಲೆಕ್ಕ 29.53. ಈ ಚೂರು ವ್ಯತ್ಯಾಸ ಸೇರಿ ಸೇರಿ, ಎರಡು ವರ್ಷ ಎಂಟು ತಿಂಗಳು ಕಳೆಯುವಷ್ಟರಲ್ಲಿ ಗಡಿಯಾರದ ಚಂದ್ರ ಒಂದು ದಿನ ಮುಂದೆ ಹೋಗಿರುತ್ತಾನೆ. ನಮ್ಮ ಪಂಚಾಂಗದಲ್ಲಿ ಅಧಿಕ ಮಾಸ ಬರುವುದೂ ಹೆಚ್ಚುಕಡಿಮೆ ಅಷ್ಟು ದಿನಕ್ಕೊಮ್ಮೆ. ಎರಡಕ್ಕೂ ಸಂಬಂಧವಿಲ್ಲ, ಆದರೆ ನೆನಪಿಟ್ಟುಕೊಳ್ಳಲು ಸುಲಭ. ಅಧಿಕ ಮಾಸ ಬಂದಾಗ ಚಂದ್ರನನ್ನು ಸರಿಮಾಡಿಕೊಳ್ಳಿ.

ತೋಟದಂಚು

ಒಂದು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಯಂತ್ರ ಬಂತು, ಓಡುತ್ತಿದೆ, ಸದ್ದು ಬಹಳ ಚೆಂದ. ಆದರೆ ಒಂದು ವಿಚಿತ್ರ. ಭಾನುವಾರ ಗುಂಡು ಎತ್ತಿದರೆ ಶುಕ್ರವಾರ ನಿಲ್ಲುತ್ತದೆ. ಮತ್ತೆ ತಟ್ಟಿದರೆ ಸ್ವಲ್ಪ ಓಡಿ ನಿಲ್ಲುತ್ತದೆ. ಶನಿವಾರ ತಟ್ಟಿದರೆ ಸರಿಯಾಗಿ ಓಡುತ್ತದೆ. ಮೂರು ವಾರದಿಂದ ಹೀಗೇ. ಅಪ್ಪಯ್ಯ ದಿನಾ ಅದರ ಮುಂದೆ ಕುರ್ಚಿ ಹಾಕಿ ಕೂರುತ್ತಾರೆ, ಶುಕ್ರವಾರ ಮುಖ ಬಾಡುತ್ತದೆ. ಮಹಡಿಯಲ್ಲಿ ಹಲಗೆ ನೆಲದ ಮೇಲೆ ಇಟ್ಟಿದ್ದೇವೆ. ತೇವದ ಭಯಕ್ಕೆ ಗೋಡೆಯಿಂದ ಅರ್ಧ ಅಡಿ ಮುಂದೆ ನಿಲ್ಲಿಸಿದ್ದೇನೆ.

ಕಾಫಿಕಣ

ಧೂಳು ಇರಬೇಕು.

ಬಸ್‌ಸ್ಟ್ಯಾಂಡ್

ತಂತಿ ಎಲ್ಲೋ ಸಿಕ್ಕಿಕೊಳ್ಳುತ್ತಿದೆ ನೋಡಿ.

ಮೇಷ್ಟ್ರು

ಶುಕ್ರವಾರ ಗುಂಡುಗಳು ಎಲ್ಲಿರುತ್ತವೆ? ಪೆಂಡುಲಮ್ ಬಿಲ್ಲೆಯ ಮಟ್ಟಕ್ಕೆ ಬಂದಿರುತ್ತವಾ? ದೀಪ ಹಿಡಿದು ನೋಡಿ, ಗುಂಡು ಅಲುಗಾಡುತ್ತಿದೆಯಾ?

ತೋಟದಂಚು

ಈಗ ನೋಡಿದೆ. ಹೌದು! ಬಿಲ್ಲೆಯ ಸಮಕ್ಕೇ ಇವೆ. ಮೂರೂ ಸಣ್ಣಗೆ ತೂಗುತ್ತಿವೆ. ನಾನು ಮುಟ್ಟೇ ಇಲ್ಲ.

ಮೇಷ್ಟ್ರು

ಸಿಕ್ಕಿತು. ಗುಂಡು ತಂತಿಯಲ್ಲಿ ನೇತಾಡುವಾಗ ಅದೂ ಒಂದು ಪೆಂಡುಲಮ್ಮೇ. ಇಳಿಯುತ್ತಾ ಇಳಿಯುತ್ತಾ ಅದರ ಉದ್ದ ಅಸಲಿ ಪೆಂಡುಲಮ್ಮಿನ ಉದ್ದಕ್ಕೆ ಸಮ ಆದ ದಿನ ಎರಡರ ತಾಳವೂ ಒಂದೇ ಆಗುತ್ತದೆ. ನಿಮ್ಮ ಹಲಗೆ ನೆಲದ ಮೇಲೆ ಪೆಟ್ಟಿಗೆ ಕಣ್ಣಿಗೆ ಕಾಣದಷ್ಟು ಅಲುಗುತ್ತಿದೆ. ಆ ಅಲುಗಾಟದಿಂದ ಗುಂಡುಗಳು ತೂಗಲು ಶುರುಮಾಡಿ ಪೆಂಡುಲಮ್ಮಿನ ಶಕ್ತಿ ಹೀರುತ್ತವೆ. ಶನಿವಾರಕ್ಕೆ ಇನ್ನೂ ಕೆಳಗಿಳಿದರೆ ತಾಳ ತಪ್ಪುತ್ತದೆ, ಮತ್ತೆ ಓಡುತ್ತದೆ. ಹೈಗನ್ಸ್ 1665ರಲ್ಲಿ ಇಂಥದ್ದನ್ನೇ ನೋಡಿದ್ದ. ಒಂದೇ ತೊಲೆಗೆ ತೂಗುಹಾಕಿದ ಎರಡು ಗಡಿಯಾರಗಳ ಪೆಂಡುಲಮ್ ತಾವಾಗೇ ಜೊತೆಯಾಗಿ ಆಡತೊಡಗಿದ್ದವು.

ಕೀಲಿಕೈ

ಮೇಷ್ಟ್ರು ಹೇಳಿದ್ದು ಸರಿ. ನಾನು ಯಂತ್ರ ಮಾತ್ರ ನೋಡಿದೆ, ಇಡುವ ಜಾಗ ಕೇಳಬೇಕಿತ್ತು. ಪೆಟ್ಟಿಗೆಯನ್ನು ಗೋಡೆಗೆ ಬಿಗಿಯಾಗಿ ಸ್ಕ್ರೂ ಹಾಕಿ ನಿಲ್ಲಿಸಬೇಕು.

ಘಾಟಿಮಳೆ

ಗೋಡೆಗೆ ತಾಗಿಸಿದರೆ ಮಳೆಗಾಲಕ್ಕೆ ಹಿಂದಿನ ಹಲಗೆ ಕೊಳೆಯುತ್ತದೆ. ನಾನು ಒಪ್ಪುವುದಿಲ್ಲ.

ಕೀಲಿಕೈ

ಬಿಗಿ ಇಲ್ಲದಿದ್ದರೆ ಗಡಿಯಾರವೇ ಓಡುವುದಿಲ್ಲವಲ್ಲ!

ಬೀಟೆಮರ

ಇಬ್ಬರೂ ಸರಿ. ನಡುವೆ ಒಂದು ಮರದ ತುಂಡು ಕೊಡಿ, ಎರಡು ಇಂಚು ದಪ್ಪ. ಒಳಗೋಡೆ ಆರಿಸಿಕೊಳ್ಳಿ. ಗೋಡೆ ಮಣ್ಣಿನದ್ದೋ ಜಂಬಿಟ್ಟಿಗೆಯದ್ದೋ ಆದರೆ ಸ್ಕ್ರೂ ಹಿಡಿಯಲು ತೂತಿಗೆ ಹಾಕುವ ಪ್ಲಾಸ್ಟಿಕ್ ಬಿರಡೆ ಗಟ್ಟಿಯಾಗಿ ನಿಲ್ಲುವುದಿಲ್ಲ. ದೊಡ್ಡ ತೂತು ಮಾಡಿ ಹೊನ್ನೆ ಮರದ ಗೂಟ ಬಡಿದು ಅದಕ್ಕೆ ಸ್ಕ್ರೂ ಹಾಕಿ. ಪೆಟ್ಟಿಗೆಯ ಮೇಲ್ಭಾಗದಲ್ಲಿ, ಯಂತ್ರದ ಮಟ್ಟಕ್ಕೆ. ಮೊದಲು ರಸಮಟ್ಟ ಇಟ್ಟು ನೋಡಿ, ಆಮೇಲೆ ಬಿಗಿ ಮಾಡಿ.

ತುಂಗಾತೀರ

ಏನಾಯಿತು ಅಂತ ತಿಳಿಸಿ. ನಾನೂ ಶುಕ್ರವಾರಕ್ಕೆ ಕಾಯುತ್ತಿದ್ದೇನೆ.

ತೋಟದಂಚು

ಬೀಟೆಮರ ಹೇಳಿದ ಹಾಗೇ ಮಾಡಿದೆವು. ಅಡುಗೆಮನೆ ಕಡೆಯ ಒಳಗೋಡೆಗೆ, ನಡುವೆ ಎರಡು ಇಂಚಿನ ತುಂಡು. ಶುಕ್ರವಾರ ದಾಟಿತು, ನಿಲ್ಲಲಿಲ್ಲ. ಅಪ್ಪಯ್ಯ ರಾತ್ರಿ ಹತ್ತು ಹೊಡೆಯುವವರೆಗೆ ಎದ್ದಿದ್ದು ಎಣಿಸಿ ಮಲಗಿದರು. ಹೊರಗೆ ಒಳ್ಳೆ ಮಳೆ ಇತ್ತು.

ಕೆಂಪುಗಾರೆ

ಯಾವ ಸೈಜ್ ಸ್ಕ್ರೂ ಹಾಕಿದಿರಿ?

ತೋಟದಂಚು

ನಾಲ್ಕು ಇಂಚಿನದು, ಎರಡು. ಗೂಟ ಬಡಿಯುವ ಮುಂಚೆ ಒಂದು ವಾರ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ, ಹಸಿ ಗೂಟ ಆಮೇಲೆ ಸಡಿಲ ಆಗುತ್ತದೆ.